ವೃಕ್ಷಾದನಿಯೂ ವೃಕ್ಷರುಹವೂ

(ಮಹೋತ್ಸವದ ಮೂರನೆಯ ದಿನದ ಸಭೆಯಲ್ಲಿ ಮಾಡಿದ ಉಪನ್ಯಾಸ)

ನಾನು ಪಾಠಶಾಲೆಯಲ್ಲಿ ವ್ಯಾಕರಣ ಕೋಶಗಳನ್ನು ಓದಿದವನೇ ಹೊರತು ಸಸ್ಯಶಾಸ್ತ್ರವನ್ನು ಕ್ರಮವಾಗಿ ಅಭ್ಯಾಸಮಾಡಿದವನಲ್ಲ. ಆದರೂ ಈ ವಿಷಯವನ್ನೇ ಆರಿಸಿಕೊಂಡುದಕ್ಕೆ ನನ್ನದೊಂದು ತಪ್ಪು ಕಾರಣವಾಗಿರುವುದರಿಂದ ಅದನ್ನೇ ಮೊದಲು ಹೇಳುವುದು ಯುಕ್ತವು.

ಇಪ್ಪತ್ತೈದು ವರ್ಷಗಳ ಹಿಂದೆ ಮಠದ ತೋಟದ ಮೇಲ್ವಿಚಾರಣೆಯು ನನ್ನ ಪಾಲಿಗೆ ಬಂದಿತ್ತು. ಬಾವಿಯ ಬಳಿಯ ಮಾವು ಎರಡು ವರ್ಷ ಫಲ ಬಿಡಲಿಲ್ಲ. ನೋಡಲಾಗಿ, ಕೊಂಬೆಗಳ ಮೇಲೆ ದಪ್ಪನಾದ ಬಿಳಿಯ ಬೇರುಗಳನ್ನು ಹಬ್ಬಿಸಿಕೊಂಡು ಒಂದು ಗಿಡವು ಬೆಳೆದಿದ್ದಿತು. ಅಮರಕೋಶದ ವನೌಷಧಿವರ್ಗದಲ್ಲಿ ವೃಕ್ಷಾದನೀ, ಎಂದರೆ ಮರವನ್ನು ತಿನ್ನುವುದು, ಮತ್ತು ವೃಕ್ಷರುಹಾ, ಎಂದರೆ ಮರದ ಮೇಲೆ ಹುಟ್ಟಿದುದು, ಎಂಬೆರಡೂ ಒಂದೇ ವಸ್ತುವಿನ ಹೆಸರುಗಳಾಗಿ ಬಂದಿವೆ. ಮರದ ಮೇಲೆ ಹುಟ್ಟಿದುದೆಲ್ಲವೂ ಮರವನ್ನು ತಿನ್ನುವುದೆಂದೇ ನಾನು ತಿಳಿದು, ಆಳುಗಳಿಂದ ಅದೆಲ್ಲವನ್ನೂ ಕೆರೆಯಿಸಿ ಒಲೆಗೆ ಹಾಕಿಸಿದೆನು. ಮಾವು ಮರುವರ್ಷವೂ ಫಲಿಸಲಿಲ್ಲ. ಮಲೆನಾಡಿನಿಂದ ದರ್ಶನಕ್ಕೆ ಬಂದಿದ್ದ ವೃದ್ಧ ಶಿಷ್ಯರೊಬ್ಬರು ಕೊಂಬೆಯಲ್ಲಿ ಉಳಿದಿದ್ದ ಒಂದು ತುಂಡು ಬೇರನ್ನು ನೋಡಿ, “ಇದು ಬಂದಳಿಕೆಯಲ್ಲ ಬುದ್ಧೀ, ಸೀತಾಳೆಯ ಜಾತಿ. ಮರದ ಹೆಗಲ ಮೇಲೆ ಕೂತಿತ್ತೇ ಹೊರತು ಅದರ ತಾಟಿಗೆ ಕೈಹಾಕಿರಲಿಲ್ಲ” ಎಂದರು.

ಭೇದವು ಇಷ್ಟೇ. ಬಂದಳಿಕೆಯು ಮರದ ಒಳಕ್ಕೆ ಬೇರಿಳಿಸಿ ರಸವನ್ನು ಹೀರುತ್ತದೆ. ವೃಕ್ಷರುಹವಾದರೋ ಮಳೆ, ಮಂಜು, ತೊಗಟೆಯ ಸಂದಿನಲ್ಲಿ ಕೂಡಿದ ಧೂಳು, ಕೊಳೆತ ಎಲೆ, ಇವುಗಳಿಂದಲೇ ಜೀವಿಸುತ್ತದೆ. ಮರವು ಅದಕ್ಕೆ ಪೀಠ ಮಾತ್ರ. ಅಮರನೇ ಹೇಳುವ ವಂದಾ ಎಂಬ ಇನ್ನೊಂದು ಹೆಸರನ್ನು ಪಾಶ್ಚಾತ್ಯ ವಿದ್ವಾಂಸರು ಸೀತಾಳೆಯ ಒಂದು ಕುಲಕ್ಕೆ ‘ವಾಂಡಾ’ ಎಂದು ಇಟ್ಟುಕೊಂಡಿರುವರು. ನಾನು ಸುಡಿಸಿದುದು ಆ ಕುಲದ್ದೇ ಎಂಬುದು ಆಮೇಲೆ ತಿಳಿಯಿತು.

ಆ ವೃದ್ಧರು ನನ್ನನ್ನು ಮಲೆನಾಡಿನ ನಮ್ಮ ಶಾಖಾಮಠಕ್ಕೆ ಕರೆದುಕೊಂಡು ಹೋಗಿ ಅಲ್ಲಿಯ ಹಲಸಿನ ಮರವನ್ನು ತೋರಿಸಿದರು. ಆ ಒಂದು ಮರದ ಮೇಲೆ ಹನ್ನೊಂದು ಬಗೆಯ ಗಿಡಗಳನ್ನು ಎಣಿಸಿದೆನು. ಅವುಗಳಲ್ಲಿ ಆರು ಜರೀಗಿಡಗಳು. ಇಲ್ಲಿಯ ಮಾವಿನ ಮೇಲೆ ಇದ್ದುದು ಒಂದೇ, ಅದನ್ನೂ ನಾನು ಉಳಿಸಲಿಲ್ಲ. ಈ ತಾರತಮ್ಯಕ್ಕೆ ಮಳೆಯ ಪ್ರಮಾಣವೇ ಕಾರಣವೆಂದು ಆಗ ತಿಳಿದಿದ್ದೆನು. ಅದು ಅರ್ಧಸತ್ಯವು.

ಜರೀಗಿಡಕ್ಕೆ ಹೂವಿಲ್ಲ, ಬೀಜವಿಲ್ಲ. ಎಲೆಯ ಬೆನ್ನಿನ ಕಂದುಚುಕ್ಕೆಗಳಿಂದ ಧೂಳಿನಂತಹ ಬೀಜಾಣುಗಳು ಉದುರಿ ಗಾಳಿಯಲ್ಲಿ ಬಹುದೂರ ಹೋಗುತ್ತವೆ. ಆದುದರಿಂದ ದೂರವು ಅವಕ್ಕೆ ಹೆಚ್ಚಿನ ಅಡ್ಡಿಯಲ್ಲ. ಅಡ್ಡಿಯು ಬಿದ್ದ ಸ್ಥಳದಲ್ಲಿದೆ. ಬೀಜಾಣುವು ಮೊಳೆತು ಮೊದಲು ಉಗುರಿಗಿಂತ ಚಿಕ್ಕದಾದ ಹಸುರು ಹಾಳೆಯಾಗುತ್ತದೆ. ಅದರ ಮೇಲೆ ಪುರುಷಾಣುವು ಅಂಡವನ್ನು ಸೇರಬೇಕಾದರೆ ನೀರಿನ ಪೊರೆಯಲ್ಲಿ ಈಜಿಯೇ ಹೋಗಬೇಕು. ಆ ದಿನಗಳಲ್ಲಿ ತೇವವು ಆರಿತೋ, ಅಲ್ಲಿಗೆ ವಂಶವು ನಿಂತಿತು. ಕೆಲವು ಜರೀಗಿಡಗಳ ಎಲೆಯು ಒಂದೇ ಜೀವಕೋಶದಷ್ಟು ತೆಳುವಾಗಿರುವುದರಿಂದ ಅವು ಸದಾ ಹನಿಯುವ ಬಂಡೆ ಕಾಂಡಗಳನ್ನು ಬಿಟ್ಟು ಕದಲಲಾರವು. ನಮ್ಮ ಮಠದ ಹಳೆಯ ಗೋಡೆಯ ಸಂದಿನಲ್ಲಿರುವ ಮಯೂರಶಿಖೆಯೂ ಜರೀಗಿಡವೇ. ಅದು ಬೇಸಗೆಯಲ್ಲಿ ಮುದುಡಿ ಸತ್ತಂತಿದ್ದು ಮೊದಲ ಮಳೆಗೆ ಬಿಚ್ಚಿಕೊಳ್ಳುತ್ತದೆ. ಈ ವಿದ್ಯೆಯನ್ನು ಬಲ್ಲ ಜಾತಿಗಳು ಕೆಲವೇ. ಇನ್ನು ಮರದ ಮೇಲಣವುಗಳಿಗೆ ಭೂಮಿಯ ಸಂಬಂಧವೇ ಇಲ್ಲವಾದುದರಿಂದ ಅವು ಕಣಜವಿಲ್ಲದ ಒಕ್ಕಲಿನಂತೆ. ನಾಲ್ಕು ತಿಂಗಳಲ್ಲಿ ವರ್ಷದ ದವಸವನ್ನೆಲ್ಲ ಸುರಿದರೆ ಅದನ್ನು ಇಡುವುದೆಲ್ಲಿ?

ಇದಕ್ಕೆ ಸಹ್ಯಾದ್ರಿಯೇ ಸಾಕ್ಷಿ. ಆಗುಂಬೆಯು ಸುಮಾರು 13½ ಅಂಶ ಉತ್ತರ ಅಕ್ಷಾಂಶದಲ್ಲಿದೆ. ವರ್ಷಕ್ಕೆ 7,000 ಮಿಲಿಮೀಟರಿನಷ್ಟು ಮಳೆ. ಮಹಾಬಲೇಶ್ವರವು 18ರ ಸಮೀಪ; ಅಲ್ಲಿಯೂ 5,000ಕ್ಕೆ ಮೀರಿದೆ. ದಕ್ಷಿಣದಲ್ಲಿ 8½ ಅಂಶದ ಬಳಿಯ ಅಗಸ್ತ್ಯಮಲೆಯಲ್ಲಿ ಮುಂಗಾರು ಹಿಂಗಾರುಗಳೆರಡೂ ಹಂಚಿಕೊಂಡು ಸುರಿಯುವುದರಿಂದ ಒಣಗಾಲವು ಎರಡು ಮೂರು ತಿಂಗಳು ಮಾತ್ರ. ಉತ್ತರಕ್ಕೆ ಹೋದಂತೆಲ್ಲ ಅದು ಬೆಳೆದು ಏಳೆಂಟು ತಿಂಗಳಾಗುತ್ತದೆ. ಜರೀಗಿಡಗಳೂ ಸೀತಾಳೆಗಳೂ ಹೆಚ್ಚಾಗಿರುವುದು ದಕ್ಷಿಣದ ಬೆಟ್ಟಗಳಲ್ಲಿಯೇ. ಉತ್ತರದಲ್ಲಿ ಉಳಿದವುಗಳು ಬುಡದ ಗಡ್ಡೆಯಲ್ಲಿ ನೀರಿಟ್ಟುಕೊಳ್ಳುವ, ಇಲ್ಲವೆ ಬೇಸಗೆಯಲ್ಲಿ ಎಲೆಯುದುರಿಸುವ ಸಹಿಷ್ಣುಗಳು. ಎಷ್ಟು ಮಳೆಯಾಯಿತೆಂಬುದಕ್ಕಿಂತ ಎಷ್ಟು ದಿನ ಮಳೆಯಿಲ್ಲವೆಂಬುದನ್ನೇ ಇವು ಲೆಕ್ಕವಿಡುತ್ತವೆ.

ಲೋಕದ ಮೇಲೆಯೂ ಹೀಗೆಯೇ. ವೃಕ್ಷರುಹಗಳು ಸುಮಾರು 31,000 ಜಾತಿಗಳೆಂದು 2021ರಲ್ಲಿ ಪಟ್ಟಿಮಾಡಿರುವರು. ಬಹುಪಾಲು ಸೀತಾಳೆಗಳು, ಬಹುಪಾಲು ಉಷ್ಣವಲಯದವು. ಹಿಮ ಬೀಳುವ ಯುರೋಪಿನಲ್ಲಿ ನಿತ್ಯವೂ ಮರದ ಮೇಲೆಯೇ ಬಾಳುವ ಹೂಗಿಡವು, ಬಂದಳಿಕೆಯ ವರ್ಗವನ್ನು ಬಿಟ್ಟರೆ, ಇಲ್ಲವೆನ್ನಬಹುದು. ಕೋಸ್ಟರಿಕಾ ದೇಶವು ವಿಸ್ತೀರ್ಣದಲ್ಲಿ ನಮ್ಮ ಕರ್ನಾಟಕದ ಕಾಲುಭಾಗಕ್ಕಿಂತ ತುಸು ಹೆಚ್ಚು; ಅಲ್ಲಿಯ ಜರೀಜಾತಿಗಳು ಸಾವಿರಕ್ಕೂ ಮೇಲೆ. ಬೋರ್ನಿಯೋದ ಕಿನಾಬಾಲು ಎಂಬ ಒಂದೇ ಪರ್ವತದಲ್ಲಿ 600ಕ್ಕಿಂತ ಅಧಿಕ. ಅವು ಬುಡದ ಸೆಕೆಯಲ್ಲಿಯೂ ಅಲ್ಲ, ಶಿಖರದ ಚಳಿಯಲ್ಲಿಯೂ ಅಲ್ಲ, ಮೋಡವು ಬಂದು ತಂಗುವ ನಡುವಣ ಇಳಿಜಾರಿನಲ್ಲಿ ಅತ್ಯಧಿಕವಾಗಿರುತ್ತವೆ. ಹಾಗಾದರೆ ಅಕ್ಷಾಂಶವೇ ಸರ್ವಸ್ವವೆ? ಅಲ್ಲ. ಸಹಾರಾ ಮರುಭೂಮಿಯ ಬಹುಭಾಗವು ನ್ಯೂಜಿಲೆಂಡಿಗಿಂತ ಭೂಮಧ್ಯರೇಖೆಗೆ ಹತ್ತಿರವಾಗಿದೆ. ಆದರೂ 34ರಿಂದ 47 ಅಂಶದವರೆಗೆ ಚಾಚಿದ ನ್ಯೂಜಿಲೆಂಡಿನ ಕಾಡುಗಳಲ್ಲಿ ಇನ್ನೂರರಷ್ಟು ಜರೀಜಾತಿಗಳಿವೆ. ಸಮುದ್ರದ ತೇವವೂ ತೀಕ್ಷ್ಣವಲ್ಲದ ಚಳಿಯೂ ಅಲ್ಲಿ ಕಾಪಾಡುತ್ತವೆ. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಅಕ್ಷಾಂಶವು ಪ್ರಯೋಜಕಕರ್ತೃ. ಕ್ರಿಯೆಯನ್ನು ಮಾಡತಕ್ಕವುಗಳು ಒಣಗಾಲವೂ ಹಿಮವೂ.

ಈಗ ಪ್ರಕೃತ ವಿಷಯ. ಶಾಖಾಮಠದಲ್ಲಿ ಅಡಕೆಯ ಒಣಗುಕಣಕ್ಕೆ ಬಿಸಿಲು ಸಾಲದೆಂದು, ಹಲಸಿನ ಸುತ್ತಣ ಏಳು ಮರಗಳನ್ನು ಕಡಿಯಬೇಕೆಂಬ ಸೂಚನೆಯು ವ್ಯವಸ್ಥಾಪಕ ಮಂಡಲಿಯ ಮುಂದಿದೆ. ಹಲಸನ್ನು ಮುಟ್ಟುವುದಿಲ್ಲವೆಂದು ದಯೆಯಿಂದ ಒಪ್ಪಿರುವರು. ಅವರ ಸದುದ್ದೇಶದಲ್ಲಿ ನನಗೆ ಸಂದೇಹವಿಲ್ಲ. ಆದರೆ ಆ ಏಳು ಮರಗಳು ಹೋದರೆ ಬಿಸಿಲೂ ಗಾಳಿಯೂ ನೇರವಾಗಿ ಹಲಸಿನ ಕಾಂಡವನ್ನು ತಟ್ಟುತ್ತವೆ, ಪಾಚಿ ಒಣಗುತ್ತದೆ, ಇಂದು ಫಾಲ್ಗುಣಕ್ಕೆ ಆರುವ ತೇವವು ಪುಷ್ಯಕ್ಕೇ ಆರುತ್ತದೆ. ಮರವು ನಿಂತಲ್ಲಿಯೇ ನಿಂತಿದ್ದರೂ ಕೊಡಲಿಯು ಅದನ್ನು ನಾಲ್ಕೈದು ಅಂಶ ಉತ್ತರಕ್ಕೆ ಸಾಗಿಸಿದಂತಾಯಿತು. ಇದು ಬರಿಯ ಊಹೆಯಲ್ಲ. ಕೋಸ್ಟರಿಕಾದ ಮಾಂಟೆವೆರ್ಡೆಯ ಮೋಡಗಾಡಿನಲ್ಲಿ ನಳಿನಿ ನಾಡಕರ್ಣಿಯವರೂ ಅವರ ಸಹೋದ್ಯೋಗಿಯೂ ಮರದ ಮೇಲಣ ಗಿಡಗಳನ್ನು ಮಣ್ಣು ಪಾಚಿಗಳ ಸಹಿತ ಎತ್ತಿ, ಮೋಡ ಕಡಿಮೆಯಾದ ಕೆಳಗಿನ ಮರಗಳಿಗೆ ಸಾಗಿಸಿ ನೋಡಿದರು. ಎಲೆಗಳು ಕಡಿಮೆಯಾದುವು, ಗಿಡಗಳ ಆಯುಷ್ಯವೂ ಕುಗ್ಗಿತು. ಇದು 2002ರಲ್ಲಿ ಪ್ರಕಟವಾಗಿದೆ. ಅದೇ ಕಾಡಿನಲ್ಲಿ 1970ರ ದಶಕದ ನಡುವಿನಿಂದ ಒಣಗಾಲದ ಮಂಜಿಲ್ಲದ ದಿನಗಳು ಹೆಚ್ಚುತ್ತ ಬಂದುವೆಂದೂ ಶಾಸ್ತ್ರಜ್ಞರು ದಾಖಲೆಮಾಡಿರುವರು. ಹವೆಯೇ ಹೀಗೆ ಬದಲಾಗುತ್ತಿರುವಾಗ ನಾವೂ ಕೈಗೂಡಿಸಬೇಕೆ?

ಹೊಸ ಸಸಿಗಳನ್ನು ನೆಡೋಣವೆಂದು ಮಂಡಲಿಯವರು ಹೇಳಬಹುದು. ನೆಡಲಿ, ಸಂತೋಷವೇ. ಆದರೆ ಹಲಸಿನ ಕವಲಿನಲ್ಲಿ ಅಂಗೈಯಗಲದ ಕರಿಮಣ್ಣು ಕೂಡಬೇಕಾದರೆ ಎಷ್ಟೋ ವರ್ಷಗಳ ಎಲೆ ಕೊಳೆತಿರಬೇಕು. ಒಣಗುಕಣವನ್ನು ಕೆರೆಯ ಕಡೆಯ ಬಯಲಿಗೆ ಸರಿಸಬಹುದು. ಹೆಜ್ಜೆಯಿಂದ ಅಳೆದು ನೋಡಿದ್ದೇನೆ, ನೂರಿಪ್ಪತ್ತು ಹೆಜ್ಜೆಯ ದೂರ. ಹೊರುವ ಆಳುಗಳಿಗೆ ಕೂಲಿ ಸ್ವಲ್ಪ ಹೆಚ್ಚಾದೀತು. ಅದನ್ನು ನನ್ನ ಸಂಭಾವನೆಯಿಂದ ಮುರಿದುಕೊಳ್ಳಬಹುದೆಂದು ವಿಜ್ಞಾಪನಪತ್ರದಲ್ಲಿ ಬರೆದಿದ್ದೇನೆ. ಪತ್ರವು ಕಾರ್ತಿಕದ ಸಭೆಗೆ ಬರತಕ್ಕದ್ದಿದೆ.