ವಿದ್ಯಾರ್ಥಿನಿ ಇಳಿದುಕೊಂಡ ಮನೆ

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಪರದೇಶದಲ್ಲಿ ಓದುವ ನಮ್ಮ ಮಕ್ಕಳನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಸಂಘದ ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ನಾವು ವಿದ್ವಾಂಸರಲ್ಲ, ಪರದೇಶವನ್ನು ಕಣ್ಣಾರೆ ಕಂಡವರೂ ಅಲ್ಲ. ಬ್ಯಾಂಕಿನ ಮೇಜಿನ ಹಿಂದೆ ಕುಳಿತು ಪರರ ಹಣದ ಲೆಕ್ಕ ಬರೆಯುವುದು ನಮ್ಮ ಕಸುಬು. ಆದರೂ ಈ ವಿಷಯವಾಗಿ ಮಾತನಾಡಲು ನಮಗೆ ಎರಡು ಆಧಾರಗಳುಂಟು. ಮಕ್ಕಳನ್ನು ಹೊರದೇಶಕ್ಕೆ ಕಳುಹಿಸಬೇಕೆಂದಿರುವ ತಂದೆತಾಯಿಗಳು ಸಾಲಕ್ಕಾಗಿ ಬಂದು ನಿಲ್ಲುವುದು ನಮ್ಮ ಮೇಜಿನ ಮುಂದೆ, ಇದು ಒಂದು. ಇದೇ ಮುಂಬಯಿಯಲ್ಲಿ ಹುಟ್ಟಿ ಬೆಳೆದ ನಮ್ಮ ಅಕ್ಕನ ಮಗಳು ಇಟಲಿಯ ತೋರಿನೊ ನಗರದಲ್ಲಿ ಎರಡು ವರ್ಷ ಓದಿ ಬಂದಿದ್ದಾಳೆ, ಇದು ಎರಡನೆಯದು. ಅವಳಿಂದ ಕೇಳಿ ತಿಳಿದುದನ್ನೇ ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತೇವೆ.

ಸಾಲ ಕೇಳಲು ಬರುವ ತಂದೆತಾಯಿಗಳ ಪ್ರಶ್ನೆಗಳು ನಮಗೆ ಬಾಯಿಪಾಠವಾಗಿವೆ. ಬಡ್ಡಿ ಎಷ್ಟು? ಜಾಮೀನು ಏನು ಕೊಡಬೇಕು? ಇಂದು ಒಂದು ಯೂರೋಗೆ ಎಷ್ಟು ರೂಪಾಯಿ? ಕಾಲೇಜಿಗೆ ಒಳ್ಳೆಯ ಹೆಸರಿದೆಯೆ? ಇವೆಲ್ಲ ಕೇಳತಕ್ಕ ಪ್ರಶ್ನೆಗಳೇ. ಆದರೆ “ನಮ್ಮ ಮಗು ಯಾರ ಮನೆಯಲ್ಲಿ ಇಳಿದುಕೊಳ್ಳುತ್ತದೆ?” ಎಂದು ಯೋಚಿಸಿದವರನ್ನು ನಾವು ಕಂಡದ್ದು ಅಪರೂಪ. ಕಾಲೇಜು ದಿನಕ್ಕೆ ಆರು ಗಂಟೆಯ ಮಾತು. ಉಳಿದ ಹದಿನೆಂಟು ಗಂಟೆ ಮಗು ಇರುವುದು ಮನೆಯಲ್ಲಿ. ಓದು ಕೈಗೆ ಹತ್ತುವುದೂ ಹತ್ತದಿರುವುದೂ ಬಹುಮಟ್ಟಿಗೆ ಆ ಹದಿನೆಂಟು ಗಂಟೆಗಳನ್ನು ಅವಲಂಬಿಸಿದೆ.

ತೋರಿನೊ ಎಂದರೆ ಇಂಗ್ಲಿಷಿನವರು ಟ್ಯೂರಿನ್ ಎನ್ನುವ ಊರು. ಇಟಲಿಯ ಉತ್ತರಕ್ಕೆ, ಪೊ ನದಿಯ ದಂಡೆಯ ಮೇಲಿದೆ. 1861ರಲ್ಲಿ ಇಟಲಿ ಒಂದು ರಾಜ್ಯವಾದಾಗ ಅದರ ಮೊದಲ ರಾಜಧಾನಿ ಇದೇ. ಅಲ್ಲಿಯ ಪೊಲಿತೆಕ್ನಿಕೊ, 1859ರಲ್ಲಿ ಆರಂಭವಾದ ಇಂಜಿನಿಯರಿಂಗ್ ಶಾಲೆಯಿಂದ ಬೆಳೆದು ಬಂದ ವಿಶ್ವವಿದ್ಯಾಲಯ. ಇಟಲಿಯ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಶುಲ್ಕವನ್ನು ಕುಟುಂಬದ ವರಮಾನ ನೋಡಿ ಗೊತ್ತುಮಾಡುತ್ತಾರೆ. ವರಮಾನ ಕಡಿಮೆಯಿದ್ದು ಓದಿನಲ್ಲಿ ಮುಂದಿರುವವರಿಗೆ ಆಯಾ ಪ್ರಾಂತದವರು ವಿದ್ಯಾರ್ಥಿವೇತನ ಕೊಡುವುದೂ ಉಂಟು. ನಮ್ಮಂಥ ಸಂಬಳಗಾರರ ಮನೆಯ ಹುಡುಗಿ ಅಲ್ಲಿಗೆ ಹೋಗಲು ಸಾಧ್ಯವಾದುದು ಇದರಿಂದಲೇ.

ಅಲ್ಲಿಯ ಪರೀಕ್ಷೆಗಳಿಗೆ ಮೂವತ್ತು ಅಂಕ; ಹದಿನೆಂಟು ಬಂದರೆ ತೇರ್ಗಡೆ. ಎಷ್ಟೋ ಪರೀಕ್ಷೆಗಳನ್ನು ಅಧ್ಯಾಪಕರ ಮುಂದೆ ಕುಳಿತು ಬಾಯಿಮಾತಿನಲ್ಲಿಯೇ ಕೊಡಬೇಕು. ಅವರು ಕೊಟ್ಟ ಅಂಕ ಸಾಲದೆಂದು ತೋರಿದರೆ ವಿದ್ಯಾರ್ಥಿ ಅದನ್ನು ಬೇಡವೆಂದು ಬಿಟ್ಟು, ಮತ್ತೊಮ್ಮೆ ಪರೀಕ್ಷೆಗೆ ಕೂರುವ ಪದ್ಧತಿಯೂ ಇದೆ. ನಮ್ಮ ಹುಡುಗಿಗೆ ಇದೆಲ್ಲ ಹೊಸತು. ಆದರೂ ಅವಳನ್ನು ನಿಜವಾಗಿ ಕಂಗೆಡಿಸಿದುದು ಪರೀಕ್ಷೆಯಲ್ಲ, ಬಾಡಿಗೆಯ ಕೋಣೆ.

ಆ ದೇಶದ ಕಟ್ಟಳೆ ಹೀಗಿದೆ: ಪರದೇಶದ ವಿದ್ಯಾರ್ಥಿ ಇಟಲಿಗೆ ಕಾಲಿಟ್ಟ ಎಂಟು ಕೆಲಸದ ದಿನಗಳೊಳಗೆ ‘ಪೆರ್ಮೆಸ್ಸೊ ದಿ ಸೊಜ್ಜೊರ್ನೊ’, ಎಂದರೆ ವಾಸದ ಪರವಾನಗಿಗೆ ಅಂಚೆ ಕಚೇರಿಯ ಮೂಲಕ ಅರ್ಜಿ ಹಾಕಬೇಕು. ಮನೆಯಲ್ಲಿ ಇಳಿಸಿಕೊಂಡವರು ನಲವತ್ತೆಂಟು ಗಂಟೆಗಳೊಳಗೆ ಆ ಸಂಗತಿಯನ್ನು ಪೋಲೀಸರಿಗೆ ಬರಹದಲ್ಲಿ ತಿಳಿಸಬೇಕು. ಬಾಡಿಗೆಯ ಕರಾರುಪತ್ರವನ್ನು ಮೂವತ್ತು ದಿನಗಳೊಳಗೆ ತೆರಿಗೆ ಕಚೇರಿಯಲ್ಲಿ ನೋಂದಾಯಿಸಬೇಕು. ಮುಂಗಡವಾಗಿ ಮೂರು ತಿಂಗಳ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ. ಇಷ್ಟನ್ನೂ ಇಲ್ಲಿಂದ ಹೋಗುವ ಪ್ರತಿಯೊಬ್ಬರೂ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಕಟ್ಟಳೆಯಿಂದ ಬಾಡಿಗೆದಾರರಿಗೆ ರಕ್ಷಣೆಯುಂಟು, ನಿಜ. ಆದರೆ ಇಷ್ಟೆಲ್ಲ ಕಾಗದಪತ್ರಗಳ ತಾಪತ್ರಯ ಯಾರಿಗೆ ಬೇಕೆಂದು ಹಿಂದೆಗೆಯುವ ಮನೆಯವರೂ ಉಂಟು. ಟೆಲಿಫೋನಿನಲ್ಲಿ ಹೆಸರು ಹೇಳಿದೊಡನೆ “ಕೋಣೆ ಹೋಯಿತು” ಎಂಬ ಉತ್ತರ ಅವಳಿಗೆ ಏಳೆಂಟು ಕಡೆ ಬಂತಂತೆ. ಅದೇ ಕೋಣೆಯ ಜಾಹೀರಾತು ಮರುವಾರವೂ ಇದ್ದೇ ಇತ್ತಂತೆ.

ಕೊನೆಗೆ ಕೋಣೆ ಕೊಟ್ಟವರು ಎಪ್ಪತ್ತು ದಾಟಿದ ಒಬ್ಬ ವಿಧವೆ. ಮೂರನೆಯ ಮಹಡಿಯ ಮನೆ. ಬಾಗಿಲಲ್ಲಿ ನಿಂತ ಹುಡುಗಿಯನ್ನು ಅಡಿಮುಡಿ ನೋಡಿ ಅವರು ಕೇಳಿದ ಪ್ರಶ್ನೆ ಒಂದೇ: “ಊಟ ಮಾಡಿದೆಯಾ?”

ಅವರೇಕೆ ಕೋಣೆ ಕೊಟ್ಟರೆಂಬುದು ಇವಳಿಗೆ ತಿಳಿದದ್ದು ಮೂರು ತಿಂಗಳ ಮೇಲೆ. ಆಕೆ ತೋರಿನೊದ ಮೂಲದವರಲ್ಲ. ಇಟಲಿಯ ನಕ್ಷೆ ಬೂಟಿನಂತಿದೆಯಷ್ಟೆ. ಆ ಬೂಟಿನ ಹಿಮ್ಮಡಿಯ ಕಡೆಗಿರುವ ಪುಲ್ಯಾ ಪ್ರಾಂತದವರು. ಎರಡನೆಯ ಮಹಾಯುದ್ಧದ ತರುವಾಯ ಬಡ ದಕ್ಷಿಣದಿಂದ ಉತ್ತರದ ಕಾರ್ಖಾನೆಗಳಿಗೆ ಜನ ಪ್ರವಾಹದಂತೆ ಹರಿದು ಬಂದರು. ತೋರಿನೊದಲ್ಲಿ 1899ರಲ್ಲಿ ಸ್ಥಾಪಿತವಾದ ಫಿಯಾಟ್ ಮೋಟಾರು ಕಾರ್ಖಾನೆಯಿತ್ತು. 1951ರಲ್ಲಿ ಸುಮಾರು 7 ಲಕ್ಷ 20 ಸಾವಿರವಿದ್ದ ಊರಿನ ಜನಸಂಖ್ಯೆ 1961ರ ಹೊತ್ತಿಗೆ 10 ಲಕ್ಷವನ್ನು ಮೀರಿತು. ಹಾಗೆ ಬಂದವರಲ್ಲಿ ಆಕೆಯ ತಂದೆಯೂ ಒಬ್ಬರು.

ಬಂದವರಿಗೆ ಎದುರಾದುದೇನು? ಫ್ಯಾಸಿಸ್ಟರ ಆಳ್ವಿಕೆಯಲ್ಲಿ, 1939ರಲ್ಲಿ ಆದ ಒಂದು ಕಾನೂನು ಆಗಲೂ ಜಾರಿಯಲ್ಲಿತ್ತು. ಪಟ್ಟಣದಲ್ಲಿ ವಾಸದ ದಾಖಲೆ ಬೇಕಾದರೆ ಕೆಲಸವಿರಬೇಕು. ಕೆಲಸಕ್ಕೆ ಹೆಸರು ಬರೆಸಬೇಕಾದರೆ ವಾಸದ ದಾಖಲೆಯಿರಬೇಕು! ಸ್ವಂತ ದೇಶದಲ್ಲಿಯೇ ಅವರು ದಾಖಲೆಯಿಲ್ಲದ ಪರದೇಶಿಗಳಾದರು. 1961ರಲ್ಲಿ ಆ ಕಾನೂನು ರದ್ದಾಯಿತು. ಮನೆಗಳ ಮುಂದಿನ ಬರಹವನ್ನು ಮಾತ್ರ ಯಾವ ಕಾನೂನೂ ಬರೆಸಿರಲಿಲ್ಲ: “ದಕ್ಷಿಣದವರಿಗೆ ಬಾಡಿಗೆಗೆ ಇಲ್ಲ.” ಓದು ಬಾರದ ಆಕೆಯ ತಂದೆ ಅಂತಹ ಒಂದು ಬರಹದ ಕೆಳಗೇ ನಿಂತು, ಟೋಪಿ ಕೈಯಲ್ಲಿ ಹಿಡಿದು, ಬಾಡಿಗೆಗೆ ಕೋಣೆಯುಂಟೆ ಎಂದು ಕೇಳಿದರಂತೆ. ಒಳಗಿದ್ದವರು ನಕ್ಕರಂತೆ. ಮುಂದೆ ಆತ ರಾತ್ರಿ ಕುಳಿತು ಅಕ್ಷರ ಕಲಿತರು. ಮಗಳಿಗೆ ಈ ಮನೆಯನ್ನು ಬಿಟ್ಟುಹೋದರು. ಮನೆಯೊಂದಿಗೆ ಆ ನಗುವಿನ ನೆನಪನ್ನೂ ಬಿಟ್ಟುಹೋದರು.

ಮಹನೀಯರೆ, ಮುಂಬಯಿಯಲ್ಲಿ ಬಾಳಿದ ನಮ್ಮ ಸಂಘದ ಹಿರಿಯರಿಗೆ ಈ ಕಥೆಯನ್ನು ವಿವರಿಸಿ ಹೇಳಬೇಕಾದ ಅವಶ್ಯಕತೆಯಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಆ ಮನೆಯಲ್ಲಿ ಎಲ್ಲವೂ ಹಾಲು ಜೇನಾಗಿತ್ತೆಂದು ತಾವು ತಿಳಿಯಬಾರದು. ಮೊದಲನೆಯ ಜಗಳ ಇಂಗಿನದು. ನಮ್ಮ ಹುಡುಗಿ ಒಂದು ಸಂಜೆ ಸಾರಿಗೆ ಒಗ್ಗರಣೆ ಹಾಕಿದಳು. ಆ ವಾಸನೆ ಮೆಟ್ಟಿಲಿಳಿದು ಕೆಳಗಿನ ಮಹಡಿಗೂ ಹೋಯಿತು. ನೆರೆಯವರು ಬಂದು ದೂರಿದರು. ಎರಡನೆಯದು ಚಳಿಯದು. ಆ ಊರಿನಲ್ಲಿ ಮನೆಗಳನ್ನು ಕಾಯಿಸುವ ಯಂತ್ರಗಳನ್ನು ಸಾಮಾನ್ಯವಾಗಿ ಅಕ್ಟೋಬರ್ 15ರಿಂದ ಏಪ್ರಿಲ್ 15ರ ವರೆಗೆ, ದಿನಕ್ಕೆ ಹದಿನಾಲ್ಕು ಗಂಟೆ ಮೀರದಂತೆ ನಡೆಸಬೇಕೆಂದು ಸರಕಾರದ ನಿಯಮವಿದೆ. ಮುದುಕಿ ಅದಕ್ಕಿಂತಲೂ ಬಿಗಿ. ರಾತ್ರಿ ಓದುವವಳು ಎರಡು ಕಂಬಳಿ ಹೊದೆಯಬೇಕಾಗಿತ್ತು. ಕೊನೆಗೆ ಇಬ್ಬರೂ ಕುಳಿತು ರಾಜಿಯಾದರು: ಒಗ್ಗರಣೆ ಶನಿವಾರ ಮಾತ್ರ, ಕಿಟಕಿ ತೆರೆದಿಟ್ಟು, ಪರೀಕ್ಷೆಯ ದಿನಗಳಲ್ಲಿ ಓದುವುದು ಅಡಿಗೆಮನೆಯ ಬೆಚ್ಚನೆಯ ಮೂಲೆಯಲ್ಲಿ. ಜಗಳವಾಡಿದ ಮೇಲೂ ಒಂದೇ ಮೇಜಿನಲ್ಲಿ ಉಣ್ಣಬೇಕಾಗಿ ಬಂದರೆ ಮನುಷ್ಯರು ಬೇಗ ಪಳಗುತ್ತಾರೆ.

ಊಟದ ವಿಷಯದಲ್ಲಿ ಆಕೆ ತೋರಿದ ಎಚ್ಚರವನ್ನು ನಮ್ಮ ಅಕ್ಕ ಇಂದಿಗೂ ನೆನೆಯುತ್ತಾಳೆ. ಪಾರ್ಮೆಸಾನ್ ಎಂದು ಹೆಸರಾದ ಅಲ್ಲಿಯ ಗಿಣ್ಣನ್ನು ಮಾಡುವಾಗ ಹಾಲನ್ನು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ವಸ್ತುವನ್ನು ಬಳಸುತ್ತಾರೆ. ಶಾಕಾಹಾರಿಗಳಿಗೆ ಇದು ತಿಳಿದಿರುವುದಿಲ್ಲ. ಅಂಗಡಿಯವರು ತಾವಾಗಿ ಹೇಳುವುದೂ ಇಲ್ಲ. ಮಾಂಸ ತಿನ್ನದವಳೆಂದು ತಿಳಿದ ದಿನವೇ ಮುದುಕಿ ಅದನ್ನು ವಿವರಿಸಿ ಹೇಳಿ, ಹುಡುಗಿಯ ತಟ್ಟೆಗೆ ಆ ಗಿಣ್ಣು ಬೀಳದಂತೆ ನೋಡಿಕೊಂಡರು. ಅದಕ್ಕೆ ಬದಲಾಗಿ ತಮ್ಮ ಊರಿನ ಬಡವರ ಅಡಿಗೆಯನ್ನು ಮಾಡಿಕೊಟ್ಟರು. ನಮ್ಮ ಅವರೆಯ ಹಾಗಿರುವ ‘ಫಾವೆ’ ಎಂಬ ಒಣಕಾಳನ್ನು ಬೇಯಿಸಿ ನುಣ್ಣಗೆ ಮಸೆದು, ಪಕ್ಕದಲ್ಲಿ ಬೇಯಿಸಿದ ಕಹಿಸೊಪ್ಪನ್ನಿಟ್ಟು, ಮೇಲೆ ಆಲಿವ್ ಎಣ್ಣೆ ಹಾಕುವುದು. ನಮ್ಮ ಮಸ್ಸೊಪ್ಪಿಗೆ ದೂರದ ನಂಟೆಂದು ಹುಡುಗಿ ಬರೆದಳು. ರೊಟ್ಟಿಯನ್ನು ಮೇಜಿನ ಮೇಲೆ ತಲೆಕೆಳಗಾಗಿ ಇಟ್ಟರೆ ಆಕೆ ಗದರಿಕೊಂಡು ನೆಟ್ಟಗಿಡುತ್ತಿದ್ದರಂತೆ. ಅನ್ನವನ್ನು ತುಳಿಯಬಾರದೆಂದು ಕಲಿತು ಬಂದ ನಮ್ಮ ಹುಡುಗಿಗೆ ಅದರ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ.

ಓದು ಇಂಗ್ಲಿಷಿನಲ್ಲಿದ್ದರೂ ಅಂಗಡಿ, ಆಸ್ಪತ್ರೆ, ಕಚೇರಿಗಳಿಗೆ ಇಟಾಲಿಯನ್ ಬೇಕೇ ಬೇಕು. ಅದನ್ನು ಅವಳು ಕಲಿತದ್ದು ಆ ಅಡಿಗೆಮನೆಯಲ್ಲಿ. ಕನ್ನಡದ ಕಿವಿಗೆ ಆ ಭಾಷೆ ತೀರ ಪರಕೀಯವಲ್ಲವಂತೆ. ಅಲ್ಲಿಯೂ ಮಾತುಗಳು ಹೆಚ್ಚಾಗಿ ಸ್ವರದಲ್ಲಿಯೇ ಮುಗಿಯುತ್ತವೆ. ನಮ್ಮಲ್ಲಿ ಹಳಿಗೂ ಹಳ್ಳಿಗೂ ಇರುವಂತೆ ಅಲ್ಲಿ ‘ಪಾಲ’ ಎಂದರೆ ಸಲಿಕೆ, ‘ಪಾಲ್ಲ’ ಎಂದರೆ ಚೆಂಡು. ಒತ್ತು ತಪ್ಪಿದರೆ ಅರ್ಥ ತಪ್ಪಿತು. ನಮ್ಮ ನೀನು, ನೀವುಗಳಂತೆ ಅಲ್ಲಿ ‘ತು’ ಮತ್ತು ‘ಲೇಯ್’ ಉಂಟು. ನಾಲ್ಕು ತಿಂಗಳು ‘ಲೇಯ್’ ಎಂದು ಕರೆಸಿಕೊಂಡ ಮೇಲೆ, ಒಂದು ದಿನ ಮುದುಕಿ “ಇನ್ನು ನನ್ನನ್ನು ‘ತು’ ಎನ್ನು” ಎಂದರಂತೆ. ಹಿರಿಯರನ್ನು ಏಕವಚನದಲ್ಲಿ ಕರೆಯಲು ಇವಳ ನಾಲಿಗೆ ಏಳಲಿಲ್ಲ. ಕಡೆಗೆ ಕನ್ನಡದಲ್ಲಿ “ಅಜ್ಜಿ” ಎಂದಳು. ಆ ಒತ್ತಕ್ಷರ ಆಕೆಯ ನಾಲಿಗೆಗೆ ಸಲೀಸಾಗಿ ಒಗ್ಗಿತು.

ಈ ಅಜ್ಜಿ ಹೇಳಿದ ಒಂದು ಮಾತನ್ನು ತಮಗೆ ಮುಟ್ಟಿಸಲೆಂದೇ ನಾವು ಇಲ್ಲಿ ನಿಂತಿದ್ದೇವೆ. ಭಾನುವಾರಗಳಂದು ಹುಡುಗಿ ತಾಯಿಯೊಡನೆ ಕನ್ನಡದಲ್ಲಿ ಮಾತನಾಡುವುದನ್ನು ಆಕೆ ಕೇಳುತ್ತಿದ್ದರು. ಆಕೆಗೂ ಮನೆಮಾತೊಂದಿತ್ತು, ಪುಲ್ಯಾದ ಹಳ್ಳಿಯ ನುಡಿ. ತೋರಿನೊದ ಶಾಲೆಯಲ್ಲಿ ಅದಕ್ಕಾಗಿ ಹುಡುಗರು ಹಾಸ್ಯ ಮಾಡಿದರು. ತಾಯಿತಂದೆಗಳು ಮಕ್ಕಳ ಮುಂದೆ ಆ ನುಡಿಯನ್ನು ನಿಲ್ಲಿಸಿದರು. ಆಕೆಯ ಮಕ್ಕಳಿಗೆ ಅದು ಅರ್ಥವಾಗುತ್ತದೆ, ಆಡಲು ಬರುವುದಿಲ್ಲ. ಮೊಮ್ಮಕ್ಕಳಿಗೆ ಅರ್ಥವೂ ಆಗುವುದಿಲ್ಲ. ಇಟಲಿಯ ಅಂಕಿಸಂಖ್ಯಾ ಇಲಾಖೆಯ 2015ರ ಲೆಕ್ಕದಂತೆ, ಮನೆಯಲ್ಲಿ ಮುಖ್ಯವಾಗಿ ಪ್ರಾಂತ್ಯದ ನುಡಿಯನ್ನೇ ಆಡುವವರು ನೂರಕ್ಕೆ ಸುಮಾರು 14 ಮಂದಿ ಮಾತ್ರ. ಆಕೆ ಹೇಳಿದರಂತೆ: “ನನ್ನ ತಾಯಿಯ ಮಾತಿನಲ್ಲಿ ಬೈಯುವುದಕ್ಕೂ ನನಗೀಗ ಯಾರೂ ಉಳಿದಿಲ್ಲ. ನಿಮ್ಮವರು ಮೂರು ತಲೆಮಾರಿನಿಂದ ಬೇರೆ ಊರಿನಲ್ಲಿದ್ದೂ ಅದನ್ನು ಹೇಗೆ ಉಳಿಸಿಕೊಂಡಿರಿ?”

ಹುಡುಗಿಗೆ ಒಡನೆ ಉತ್ತರ ಹೊಳೆಯಲಿಲ್ಲ. ಉತ್ತರ ನಮ್ಮ ಹಿರಿಯರ ಬಾಳಿನಲ್ಲಿದೆ. ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಕೋಟೆ ಪ್ರದೇಶದ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದ ತರುಣರಿದ್ದರು. ಒಂದೇ ಖೋಲಿಯಲ್ಲಿ ಹತ್ತು ಮಂದಿ ಮಲಗಿ, ಊರಿನಿಂದ ಬಂದ ಹನ್ನೊಂದನೆಯವನಿಗೂ ಚಾಪೆ ಹಾಸಿದವರಿದ್ದರು. ಭಾಷೆ ಉಳಿದದ್ದು ಭಾಷಣದಿಂದಲ್ಲ. ಹೊಸದಾಗಿ ಬಂದವನಿಗೆ ಜಾಗ ಕೊಟ್ಟುದರಿಂದ ಉಳಿಯಿತು.

ಇಟಾಲಿಯನ್ನರು ಪರರ ಮನೆಯ ಹೊಸ್ತಿಲು ದಾಟುವಾಗ “ಪೆರ್ಮೆಸ್ಸೊ?” ಎಂದು ಕೇಳುತ್ತಾರೆ, ಒಳಗೆ ಬರಬಹುದೆ ಎಂದರ್ಥ. ಪೋಲೀಸು ಕಚೇರಿ ಕೊಡುವ ಪರವಾನಗಿಗೂ ಅದೇ ಹೆಸರು. ನಮ್ಮ ಹುಡುಗಿಗೆ ಕಚೇರಿಯ ಪೆರ್ಮೆಸ್ಸೊ ಕೈಸೇರಲು ತಿಂಗಳುಗಳು ಹಿಡಿದವು. ಮನೆಯ ಪೆರ್ಮೆಸ್ಸೊ ಮೊದಲ ದಿನವೇ ಸಿಕ್ಕಿದ್ದರಿಂದ ಅವಳು ಕಾಯಬಲ್ಲವಳಾದಳು. ಆ ಭಾಷೆಯಲ್ಲಿ ‘ಒಸ್ಪಿತೆ’ ಎಂಬ ಮತ್ತೊಂದು ಮಾತಿದೆ. ಮನೆಗೆ ಬಂದ ಅತಿಥಿಗೂ ಅದೇ ಮಾತು, ಅವನನ್ನು ಬರಮಾಡಿಕೊಂಡವನಿಗೂ ಅದೇ ಮಾತು. 1876ರಿಂದ ನೂರು ವರ್ಷಗಳಲ್ಲಿ ಸುಮಾರು 2 ಕೋಟಿ 60 ಲಕ್ಷ ಮಂದಿ ಹೊಟ್ಟೆಪಾಡಿಗಾಗಿ ಬಿಟ್ಟುಹೋದ ದೇಶದಲ್ಲಿ ಇವೆರಡು ಒಂದೇ ಮಾತಿನಲ್ಲಿರುವುದು ನಮಗೆ ಬಹಳ ಒಪ್ಪುವಂತೆ ತೋರುತ್ತದೆ.

ನಾವೂ ಈ ಊರಿನಲ್ಲಿ ಒಮ್ಮೆ ಅತಿಥಿಗಳಾಗಿದ್ದವರು. ಈಗ ನಮ್ಮಲ್ಲಿ ಹಲವರಿಗೆ ಸ್ವಂತ ಮನೆಗಳಿವೆ. ಮಕ್ಕಳು ದೂರ ಹೋದುದರಿಂದ ಕೆಲವು ಮನೆಗಳಲ್ಲಿ ಕೋಣೆಗಳು ಖಾಲಿಯೂ ಇವೆ. ಇತ್ತ ಬೀದರ, ರಾಯಚೂರು, ಕಾರವಾರಗಳಿಂದ ಓದಲು ಬರುವ ಮಕ್ಕಳು ಈ ಊರಿನಲ್ಲಿ ಕೋಣೆಗಾಗಿ ಬಾಗಿಲು ಬಾಗಿಲು ತಿರುಗುತ್ತಾರೆ. ಅವರ ಜಾತಿ ಯಾವುದು, ಏನು ತಿನ್ನುತ್ತಾರೆ, ಯಾರ ಪೈಕಿ ಎಂಬ ಪ್ರಶ್ನೆಗಳು ಕನ್ನಡಿಗರ ಬಾಗಿಲಲ್ಲಿಯೂ ಕೇಳಿಬರುತ್ತಿವೆಯೆಂಬುದು ಸಂಘಕ್ಕೆ ತಿಳಿಯದ ಸಂಗತಿಯಲ್ಲ. ತೋರಿನೊದ ಮನೆಗಳ ಮುಂದೆ ತೂಗಿದ ಬರಹಕ್ಕೂ ಈ ಪ್ರಶ್ನೆಗಳಿಗೂ ಏನು ವ್ಯತ್ಯಾಸವೆಂಬುದನ್ನು ತಾವೇ ಯೋಚಿಸಬೇಕು.

ಆದುದರಿಂದ ನಮ್ಮದೊಂದು ಸಣ್ಣ ಸೂಚನೆ. ಸಂಘದ ಕಚೇರಿಯಲ್ಲಿ ಒಂದು ಪುಸ್ತಕವಿಡೋಣ. ಹೊಸದಾಗಿ ಬಂದ ಒಬ್ಬ ವಿದ್ಯಾರ್ಥಿಗೋ ವಿದ್ಯಾರ್ಥಿನಿಗೋ ಮೊದಲ ಒಂದು ತಿಂಗಳ ಮಟ್ಟಿಗೆ ಇಳಿದುಕೊಳ್ಳಲು ಜಾಗ ಕೊಡಬಲ್ಲವರು ಅದರಲ್ಲಿ ಹೆಸರು ಬರೆಸಲಿ. ಪುಕ್ಕಟೆ ಕೊಡಬೇಕೆಂದು ನಾವು ಹೇಳುವುದಿಲ್ಲ; ಬ್ಯಾಂಕಿನವರಾಗಿ ಹಾಗೆ ಹೇಳಲಾರೆವು. ಬಾಡಿಗೆ ಎಷ್ಟು, ಅಡಿಗೆಮನೆಯ ನಿಯಮವೇನು, ರಾತ್ರಿ ಎಷ್ಟು ಗಂಟೆಗೆ ಬಾಗಿಲು ಎಂಬುದನ್ನು ಮೊದಲೇ ಬರೆದಿಟ್ಟರೆ ಮನಸ್ತಾಪಕ್ಕೆ ಎಡೆಯಿರುವುದಿಲ್ಲ. ಉಳಿದ ಜಗಳಗಳು ಇಂಗಿನ ಜಗಳದಂತೆ ತಾವಾಗಿಯೇ ತೀರುತ್ತವೆ. ಪುಸ್ತಕದ ಮೊದಲ ಹಾಳೆಯಲ್ಲಿ ನಮ್ಮ ಅಕ್ಕ ತನ್ನ ಮನೆಯ ವಿಳಾಸವನ್ನು ಬರೆಯುವುದಾಗಿ ಹೇಳಿ ಕಳುಹಿಸಿದ್ದಾಳೆ. ಎರಡನೆಯ ಹಾಳೆ ಖಾಲಿಯಿದೆ.