ಹೆಸರಿಗೂ ತದ್ಭವವುಂಟು

ಒಬ್ಬ ಮನುಷ್ಯನ ಹೆಸರನ್ನು ಸರಿಯಾಗಿ ಬರೆಯುವುದೆಂದರೆ ಏನು? ಪ್ರಶ್ನೆ ಮೇಲುನೋಟಕ್ಕೆ ಸಣ್ಣದು. ಅವನು ಹೇಳಿದಂತೆ ಬರೆದರಾಯಿತು ಎಂದು ಯಾರಾದರೂ ಹೇಳಿಯಾರು. ಆದರೆ ಹೆಸರು ಹುಟ್ಟಿದ ಊರಿನಲ್ಲಿಯೇ ನೆಲೆಯೂರಿ ಕೂರುವಂಥದಲ್ಲ. ಅದು ಹಡಗು ಹತ್ತುತ್ತದೆ, ಮರುಭೂಮಿ ದಾಟುತ್ತದೆ, ಹೊಸ ನಾಲಗೆಗಳ ಮೇಲೆ ಹೊರಳಿ ಹೊಸ ಲಿಪಿಗಳನ್ನು ತೊಡುತ್ತದೆ. ಹೀಗೆ ದೂರ ಸಂಚರಿಸಿದವುಗಳಲ್ಲಿ ಅರಬ್ಬೀ ಮೂಲದ ವ್ಯಕ್ತಿನಾಮಗಳು ಮುಖ್ಯವಾದವು. ಪಶ್ಚಿಮ ಆಫ್ರಿಕದ ಸೆನೆಗಾಲಿನಿಂದ ಪೂರ್ವದ ಇಂಡೊನೇಷ್ಯದವರೆಗೆ, ನಡುವೆ ನಮ್ಮ ಕರಾವಳಿಯಲ್ಲಿಯೂ ಬಯಲುಸೀಮೆಯ ಹಳ್ಳಿಗಳಲ್ಲಿಯೂ ಅವು ಮನೆಮಾಡಿವೆ. ಒಂದೊಂದು ನಾಡಿನಲ್ಲಿ ಒಂದೊಂದು ರೂಪ ತಾಳಿವೆ. ಈ ರೂಪಗಳಲ್ಲಿ ಯಾವುದು ಶುದ್ಧ, ಯಾವುದು ಅಶುದ್ಧ ಎಂದು ಕೇಳುವವರು ಬಹಳ.

ಕನ್ನಡ ವ್ಯಾಕರಣವನ್ನು ಓದಿದವರಿಗೆ ಈ ಪ್ರಶ್ನೆ ಹೊಸದಲ್ಲ. ೧೩ನೆಯ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಅಪಭ್ರಂಶ ಪ್ರಕರಣವೆಂಬ ಒಂದು ಭಾಗವನ್ನೇ ತದ್ಭವಗಳಿಗೆ ಮೀಸಲಿಟ್ಟ. ‘ಅಪಭ್ರಂಶ’ವೆಂದರೆ ಜಾರಿಬಿದ್ದದ್ದು ಎಂದು ಅರ್ಥ. ಆದರೆ ಕೇಶಿರಾಜ ಅವನ್ನು ಬಿದ್ದ ಮಾತುಗಳೆಂದು ತಿರಸ್ಕರಿಸಲಿಲ್ಲ. ಯಾವ ಅಕ್ಷರ ಯಾವುದಾಗಿ ಮಾರ್ಪಡುತ್ತದೆಂದು ನಿಯಮ ಹೇಳಿದ. ವರ್ಣ ಬಣ್ಣವಾದದ್ದು, ಆಕಾಶ ಆಗಸವಾದದ್ದು ಕನ್ನಡಿಗನ ಅಜ್ಞಾನದಿಂದಲ್ಲ. ಕನ್ನಡದ ಕಿವಿ ಹಾಗೆ ಕೇಳಿತು, ನಾಲಗೆ ಹಾಗೆ ನುಡಿಯಿತು. ಪದಗಳಿಗೆ ತದ್ಭವ ಇರುವಂತೆ ಹೆಸರುಗಳಿಗೂ ತದ್ಭವವುಂಟು ಎಂಬುದೇ ನಾನು ಇಲ್ಲಿ ಹೇಳಬೇಕೆಂದಿರುವ ಮಾತು. ಅದನ್ನು ಮರೆತಾಗ ಕೆಡುವುದು ಬರಿಯ ಕಾಗುಣಿತವಲ್ಲ. ಬದುಕಿರುವ ಮನುಷ್ಯರಿಗೆ ತೊಂದರೆಯಾಗುತ್ತದೆ.

ಮೊದಲು ಅರಬ್ಬೀ ಲಿಪಿಯ ಸ್ವಭಾವವನ್ನು ತಿಳಿಯಬೇಕು. ಅದರಲ್ಲಿ ೨೮ ಅಕ್ಷರಗಳು. ಎಲ್ಲವೂ ಮೂಲತಃ ವ್ಯಂಜನಗಳು. ಅ, ಇ, ಉ ಎಂಬ ಮೂರು ಹ್ರಸ್ವಸ್ವರಗಳಿಗೆ ಗುರುತುಗಳಿದ್ದರೂ ನಿತ್ಯದ ಬರವಣಿಗೆಯಲ್ಲಿ ಅವನ್ನು ಹಾಕುವ ವಾಡಿಕೆಯಿಲ್ಲ. ಪ್ರವಾದಿಯವರ ಹೆಸರನ್ನೇ ನೋಡಿ. ಬರಹದಲ್ಲಿ ಕಾಣುವುದು ಮ, ಹ, ಮ, ದ ಎಂಬ ನಾಲ್ಕೇ ವ್ಯಂಜನಗಳು. ಸ್ವರಗಳನ್ನೂ ನಡುವಿನ ಮಕಾರದ ದ್ವಿತ್ವವನ್ನೂ ಓದುಗ ತಾನೇ ತುಂಬಿಕೊಳ್ಳಬೇಕು. ಹ, ಮ, ದ ಎಂಬ ಧಾತುವಿಗೆ ಹೊಗಳು ಎಂದರ್ಥ. ಅದರಿಂದಲೇ ಮುಹಮ್ಮದ್, ಅಹ್ಮದ್, ಮಹ್ಮೂದ್, ಹಮೀದ್ ಎಂಬ ಹೆಸರುಗಳು ಹುಟ್ಟಿವೆ. ಒಂದೇ ಬೇರಿನಿಂದ ಒಡೆದ ನಾಲ್ಕು ಕುಡಿಗಳವು.

ಲಿಪಿ ಒಂದೇ ಆಗಿರುವವರೆಗೆ ಈ ಹೆಸರು ಎಲ್ಲಿ ಹೋದರೂ ಬರಹದಲ್ಲಿ ಒಂದಾಗಿಯೇ ಉಳಿಯಿತು. ಬಾಯಲ್ಲಿ ಮಾತ್ರ ಹಲವಾಯಿತು. ತುರ್ಕರು ಅದನ್ನು ಮೆಹ್ಮೆತ್ ಎಂದು ನುಡಿದರೂ ಅರಬ್ಬೀ ಲಿಪಿಯಲ್ಲಿ ಆ ನಾಲ್ಕು ಅಕ್ಷರಗಳನ್ನೇ ಬರೆಯುತ್ತಿದ್ದರು. ೧೯೨೮ರಲ್ಲಿ ತುರ್ಕಿ ರೋಮನ್ ಲಿಪಿಗೆ ಬದಲಾದಾಗ ನುಡಿದದ್ದು ಬರಹಕ್ಕೆ ಬಂತು. ಸ್ವಾರಸ್ಯವೆಂದರೆ ಇಂದಿಗೂ ಅವರು ಪ್ರವಾದಿಯವರನ್ನು ಹೇಳುವಾಗ ಮುಹಮ್ಮೆದ್ ಎನ್ನುತ್ತಾರೆ. ನೆರೆಮನೆಯ ಹುಡುಗನನ್ನು ಮೆಹ್ಮೆತ್ ಎನ್ನುತ್ತಾರೆ. ಪೂಜ್ಯರಿಗೆ ತತ್ಸಮ, ಮನೆಮಕ್ಕಳಿಗೆ ತದ್ಭವ! ನಾವು ಕೃಷ್ಣನನ್ನು ದೇವರಮನೆಯಲ್ಲಿ ಕೃಷ್ಣನೆಂದು ಪೂಜಿಸಿ, ಮಗನನ್ನು ಕಿಟ್ಟ ಎಂದು ಕರೆಯುವುದಿಲ್ಲವೆ?

ಸೆನೆಗಾಲ್, ಮಾಲಿ, ಗಿನಿ ದೇಶಗಳಲ್ಲಿ ಇದೇ ಹೆಸರು ಮಾಮದು ಆಗಿದೆ. ನೈಜೀರಿಯದ ಹೌಸಾ ಭಾಷಿಕರಲ್ಲಿ ಅದು ಮುಹಮ್ಮದು. ಪದದ ಕೊನೆಗೆ ಒಂದು ಉಕಾರವನ್ನು ಸೇರಿಸಿ ವ್ಯಂಜನವನ್ನು ನೆಮ್ಮದಿಯಾಗಿ ನಿಲ್ಲಿಸುವ ಅಭ್ಯಾಸ ಕನ್ನಡಿಗರಿಗೆ ಚೆನ್ನಾಗಿ ಗೊತ್ತು. ಮಲಬಾರಿನಲ್ಲಿ ಮಮ್ಮದ್ ಎಂಬ ರೂಪ ಉಂಟು. ಕನ್ನಡದಲ್ಲಿಯೇ ಮಹಮ್ಮದ್, ಮೊಹಮ್ಮದ್, ಮುಹಮ್ಮದ್ ಎಂದು ಮೂರು ಬಗೆಯಾಗಿ ಬರೆಯುತ್ತೇವೆ. ಅಹ್ಮದ್ ನಮ್ಮಲ್ಲಿ ಅಹಮದ್ ಆಯಿತು. ಭಕ್ತಿ ಬಕುತಿಯಾದಂತೆ, ಮುಕ್ತಿ ಮುಕುತಿಯಾದಂತೆ, ಒತ್ತಕ್ಷರದ ನಡುವೆ ಒಂದು ಸ್ವರ ಬಂದು ಕುಳಿತಿತು, ಅಷ್ಟೆ. ವೈಯಾಕರಣರು ಇದನ್ನು ಸ್ವರಭಕ್ತಿ ಎನ್ನುತ್ತಾರೆ.

ಅರಬರ ನಾಡಿನಲ್ಲಿಯೂ ಉಚ್ಚಾರಣೆ ಒಂದೇ ಅಲ್ಲ. ಚೆಲುವು ಎಂಬರ್ಥದ ಜಮಾಲ್ ಎಂಬ ಹೆಸರನ್ನು ಕೈರೋ ನಗರದವರು ಗಮಾಲ್ ಎನ್ನುತ್ತಾರೆ. ಅಲ್ಲಿ ಜಕಾರ ಗಕಾರವಾಗುತ್ತದೆ. ಫ್ರೆಂಚರ ಆಳ್ವಿಕೆ ಕಂಡ ಅಲ್ಜೀರಿಯದಲ್ಲಿ ಅದೇ ಹೆಸರು ಡಿ ಮತ್ತು ಜೆ ಎಂಬ ಎರಡು ರೋಮನ್ ಅಕ್ಷರಗಳಿಂದ ಶುರುವಾಗುತ್ತದೆ. ತುರ್ಕಿಯಲ್ಲಿ ಸಿ ಅಕ್ಷರದಿಂದ. ನಮ್ಮಲ್ಲಿ ಇಂಗ್ಲಿಷಿನಲ್ಲಿ ಬರೆಯುವಾಗ ಬರಿಯ ಜೆ ಅಕ್ಷರದಿಂದ. ಪಟ್ಟಿ ಮಾಡಿ ಅಕಾರಾದಿಯಾಗಿ ಜೋಡಿಸಿದರೆ ಈ ನಾಲ್ವರೂ ನಾಲ್ಕು ಪುಟಗಳಲ್ಲಿ ಚದುರಿಹೋಗುತ್ತಾರೆ. ಉಥ್ಮಾನ್ ಎಂಬ ಹೆಸರಿನ ಥಕಾರ ಪಾರಸಿಯಲ್ಲಿಯೂ ತುರ್ಕಿಯಲ್ಲಿಯೂ ಸಕಾರವಾಗಿ ಉಸ್ಮಾನ್, ಒಸ್ಮಾನ್ ಎಂದಾಯಿತು. ಯುರೋಪಿನವರ ಬಾಯಲ್ಲಿ ಅದೇ ಒಂದು ಸಾಮ್ರಾಜ್ಯದ ಹೆಸರಾಗಿ ಆಟೊಮನ್ ಎನಿಸಿತು. ಹೈದರಾಬಾದಿನ ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಕಾಲದಲ್ಲಿ, ೧೯೧೮ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಹೆಸರೂ ಇದೇ ಬೇರಿನದು. ಆಟೊಮನ್, ಉಸ್ಮಾನಿಯಾ ಎರಡೂ ದಾಯಾದಿಗಳೆಂದು ಮೊದಲ ನೋಟಕ್ಕೆ ಯಾರಿಗೆ ಹೊಳೆದೀತು?

ಈ ಕೊಡುಕೊಳೆ ಒಂದೇ ದಿಕ್ಕಿನದಲ್ಲ. ೧೪ನೆಯ ಶತಮಾನದಲ್ಲಿ ಮೊರಾಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತ ನಮ್ಮ ಕರಾವಳಿಗೆ ಬಂದ. ಅವನ ಗ್ರಂಥದಲ್ಲಿ ಹೊನ್ನಾವರ ಹಿನೌರ್ ಆಗಿದೆ; ಬಾರಕೂರು ಫಾಕನೂರ್ ಆಗಿದೆ; ಮಂಗಳೂರು ಮಂಜರೂರ್ ಆಗಿದೆ. ಕೈರೋ ನಗರದ ಜಕಾರ ಗಕಾರವಾಗುವುದನ್ನು ಈಗಷ್ಟೇ ನೋಡಿದೆವು. ಇಲ್ಲಿ ನಮ್ಮ ಗಕಾರವೇ ಜಕಾರವಾಯಿತು. ಆಗ ಹೊನ್ನಾವರವನ್ನು ಆಳುತ್ತಿದ್ದವನು ಜಮಾಲುದ್ದೀನ್. ಅವನು ಹರ್ಯಬ್ ಎಂಬ ದೊರೆಗೆ ಅಧೀನನೆಂದು ಇಬ್ನ್ ಬತೂತ ಬರೆಯುತ್ತಾನೆ. ಈ ಹರ್ಯಬ್ ವಿಜಯನಗರದ ಹರಿಹರನೆಂದು ವಿದ್ವಾಂಸರು ಗುರುತಿಸಿದ್ದಾರೆ. ಅತ್ತ ಹರಿಹರನ ಹೆಸರು ಅರಬ್ಬಿಯಲ್ಲಿ ತದ್ಭವವಾದರೆ, ಇತ್ತ ಅವನ ವಂಶದ ಅರಸರು ಸುಲ್ತಾನ್ ಎಂಬ ಅರಬ್ಬೀ ಮಾತನ್ನು ‘ಸುರತ್ರಾಣ’ ಎಂದು ಸಂಸ್ಕೃತಗೊಳಿಸಿ, ‘ಹಿಂದೂರಾಯ ಸುರತ್ರಾಣ’ ಎಂಬ ಬಿರುದನ್ನು ಶಾಸನಗಳಲ್ಲಿ ಕೆತ್ತಿಸಿಕೊಂಡರು. ಸುರರನ್ನು ಕಾಯುವವನೆಂಬ ಹೊಸ ಅರ್ಥವೂ ಅದಕ್ಕೆ ದಕ್ಕಿತು. ಪರಭಾಷೆಯ ಮಾತಿಗೆ ಇದಕ್ಕಿಂತ ಹೆಚ್ಚಿನ ಆತಿಥ್ಯ ಬೇಕೆ?

ಅರಮನೆಯಲ್ಲಿ ನಡೆದದ್ದೇ ಹಳ್ಳಿಯಲ್ಲಿಯೂ ನಡೆಯಿತು. ಧಾರವಾಡ, ಗದಗ ಸೀಮೆಯ ಊರುಗಳಲ್ಲಿ ಫಕೀರಪ್ಪ, ಫಕೀರವ್ವ ಎಂಬ ಹೆಸರುಗಳು ಹಿಂದೂ ಮನೆಗಳಲ್ಲಿ ಧಾರಾಳವಾಗಿವೆ. ಶಿರಹಟ್ಟಿಯಲ್ಲಿ ಫಕೀರೇಶ್ವರರ ಮಠವೇ ಇದೆ. ಬಡವ, ವಿರಕ್ತ ಎಂಬರ್ಥದ ಅರಬ್ಬೀ ಮಾತಿಗೆ ನಮ್ಮ ಅಪ್ಪನೂ ಅವ್ವನೂ ಸೇರಿಕೊಂಡರು. ಅದೇ ಫಕೀರ್ ತಮಿಳುನಾಡಿನಲ್ಲಿ ಪಕೀರ್ ಆಗಿ, ೨೦೦೨ರಿಂದ ೨೦೦೭ರವರೆಗೆ ರಾಷ್ಟ್ರಪತಿಯಾಗಿದ್ದ ಅಬ್ದುಲ್ ಕಲಾಂ ಅವರ ಪೂರ್ಣನಾಮದಲ್ಲಿ ಕುಳಿತಿದೆ. ಮಹಬೂಬ್ ಸಾಹೇಬ್ ನಮ್ಮ ಹಳ್ಳಿಗಳಲ್ಲಿ ಮಾಬುಸಾಬ ಆದ. ಕರಾವಳಿಯಲ್ಲಿ ಫಾತಿಮಾ ಪಾತುಮ್ಮ ಆದಳು. ಮುಹಿಯುದ್ದೀನ್ ಮೊಯ್ದೀನ್ ಆಗಿ, ಇನ್ನೂ ಸವೆದು ಮೊಯ್ದು ಆದ. ಕನ್ನಡದ ಹಿರಿಯ ಲೇಖಕಿ ಸಾರಾ ಅಬೂಬಕ್ಕರ್ ಅವರ ಹೆಸರಿನ ಉತ್ತರಾರ್ಧ ಅರಬ್ಬಿಯಲ್ಲಿ ಅಬೂ ಬಕ್ರ್. ತುರ್ಕಿಯಲ್ಲಿ ಅದು ಎಬುಬೆಕಿರ್. ಪಶ್ಚಿಮ ಆಫ್ರಿಕದಲ್ಲಿ ಬುಬಕರ್. ಇವು ಯಾವುವೂ ಕೆಟ್ಟ ಅರಬ್ಬಿಯಲ್ಲ. ಒಳ್ಳೆಯ ಕನ್ನಡ, ಒಳ್ಳೆಯ ತುರ್ಕಿ, ಒಳ್ಳೆಯ ತುಳುನಾಡಿನ ಮಾತು.

ಆದರೆ ಹೆಸರು ಸವೆಯುವುದು ಬೇರೆ, ಹೆಸರನ್ನು ಕತ್ತರಿಸುವುದು ಬೇರೆ. ಅಬ್ದುಲ್ ಎಂಬುದನ್ನು ಸ್ವತಂತ್ರವಾದ ಹೆಸರೆಂದು ನಾವೆಲ್ಲ ತಿಳಿದಿದ್ದೇವೆ. ಅಬ್ದ್ ಎಂದರೆ ದಾಸ. ಅದಕ್ಕೆ ಪ್ರಥಮಾ ವಿಭಕ್ತಿಯ ಉಕಾರ ಸೇರಿ ಅಬ್ದು ಆಗುತ್ತದೆ. ಮುಂದೆ ಬರುವ ‘ಅಲ್’ ಎಂಬುದು ‘ಆ’ ಎಂದು ನಿರ್ದೇಶಿಸುವ ಮಾತು; ಅದರ ಅಕಾರ ಲೋಪವಾಗುತ್ತದೆ. ಕರುಣಾಮಯ ಎಂಬರ್ಥದ ರಹಮಾನ್ ಬಂದಾಗ ಲಕಾರವೂ ರಕಾರವಾಗಿ ಅಬ್ದುರ್ರಹಮಾನ್ ಎಂದು ಉಚ್ಚಾರವಾಗುತ್ತದೆ. ನಮ್ಮಲ್ಲಿ ತತ್ ಮತ್ತು ಲೀನ ಸೇರಿ ತಲ್ಲೀನವಾಗುವಂತೆಯೇ ಇದು. ಅರಬ್ಬಿಯ ೨೮ ಅಕ್ಷರಗಳಲ್ಲಿ ೧೪ರ ಮುಂದೆ ಈ ಸಂಧಿ ನಡೆಯುತ್ತದೆ. ಅವನ್ನು ಸೂರ್ಯಾಕ್ಷರಗಳೆಂದೂ ಉಳಿದ ೧೪ನ್ನು ಚಂದ್ರಾಕ್ಷರಗಳೆಂದೂ ಅವರ ವೈಯಾಕರಣರು ಕರೆದರು. ಹೀಗಿರುವಾಗ ಅಬ್ದುಲ್ ಎಂದಷ್ಟೇ ಹೇಳಿದರೆ ‘ದಾಸನು, ಆ’ ಎಂದು ಹೇಳಿ ಮಾತನ್ನು ನಿಲ್ಲಿಸಿದಂತೆ. ಯಾರ ದಾಸ ಎಂಬುದೇ ಬಿಟ್ಟುಹೋಯಿತು. ಈಜಿಪ್ಟಿನ ಅಧ್ಯಕ್ಷರಾಗಿದ್ದು ೧೯೭೦ರಲ್ಲಿ ತೀರಿಕೊಂಡ ಗಮಾಲ್ ಅಬ್ದೆಲ್ ನಾಸೆರ್ ಅವರನ್ನು ಲೋಕವೆಲ್ಲ ನಾಸೆರ್ ಎಂದು ಕರೆಯಿತು. ಅಬ್ದೆಲ್ ನಾಸೆರ್ ಅವರ ತಂದೆಯ ಹೆಸರು. ಲೋಕ ಹಿಡಿದುಕೊಂಡದ್ದು ಅದರ ಅರ್ಧವನ್ನು ಮಾತ್ರ. ಬಳಕೆಯಿಂದ ಇಂಥದು ನಿಂತುಬಿಡುತ್ತದೆ ನಿಜ. ಆದರೆ ನಮೂನೆಯ ಕಾಗದದಲ್ಲಿ ಮೊದಲ ಹೆಸರಿಗೊಂದು ಮನೆ, ಕೊನೆಯ ಹೆಸರಿಗೊಂದು ಮನೆ ಮಾಡಿ, ಇದರಲ್ಲಿ ದಾಸನನ್ನು, ಅದರಲ್ಲಿ ದೇವರನ್ನು ತುಂಬು ಎಂದರೆ ಭಕ್ತನಾದವನು ಏನು ಮಾಡಬೇಕು?

ನಿಜವಾದ ಕಷ್ಟ ಆರಂಭವಾಗುವುದು ಇಲ್ಲಿಯೇ. ಕಿವಿಗೆ ಸಹನೆಯುಂಟು, ಕಾಗದಕ್ಕಿಲ್ಲ. ಫ್ರೆಂಚ್ ಸರ್ಕಾರ ೧೮೮೨ರ ಒಂದು ಕಾಯಿದೆಯಿಂದ ಅಲ್ಜೀರಿಯದ ಜನರಿಗೆ ಸ್ಥಿರವಾದ ಮನೆಹೆಸರನ್ನು ಕಡ್ಡಾಯ ಮಾಡಿತು. ತನ್ನ ಹೆಸರು, ತಂದೆಯ ಹೆಸರು, ಅಜ್ಜನ ಹೆಸರು ಎಂದು ಸರಪಳಿಯಾಗಿ ಹೇಳಿಕೊಳ್ಳುತ್ತಿದ್ದ ಜನ ಅವರು. ಗುಮಾಸ್ತರು ಫ್ರೆಂಚ್ ಕಿವಿಗೆ ಕೇಳಿದಂತೆ ಬರೆದುಕೊಂಡರು. ಒಂದೇ ಮನೆತನದವರು ದಫ್ತರದಲ್ಲಿ ಬೇರೆ ಬೇರೆ ಮನೆತನದವರಾದ ಉದಾಹರಣೆಗಳಿವೆ. ರಕ್ತಸಂಬಂಧವನ್ನು ಕಾಗುಣಿತ ಕಡಿಯಿತು.

ಇದು ದೂರದೇಶದ ಹಳೆಯ ಕಥೆ ಮಾತ್ರವಲ್ಲ. ಮೂವತ್ತು ವರ್ಷಗಳಿಗೂ ಹೆಚ್ಚುಕಾಲ ತರಗತಿಯಲ್ಲಿ ಹಾಜರಿ ಕರೆದವನು ನಾನು. ನನ್ನಲ್ಲಿ ಕನ್ನಡ ಎಂ.ಎ. ಓದಿದ ಒಬ್ಬ ಹುಡುಗನಿಗೆ ಕೆಲಸ ಸಿಕ್ಕಿತು. ಶಾಲೆಯ ದಾಖಲೆಯಲ್ಲಿ ಅವನ ಹೆಸರಿನ ಮೊದಲ ಸ್ವರ ಇಂಗ್ಲಿಷಿನ ಎ, ಪದವಿಪತ್ರದಲ್ಲಿ ಓ, ಪಡಿತರ ಚೀಟಿಯಲ್ಲಿ ಎಂ ಮತ್ತು ಡಿ ಎಂಬ ಎರಡೇ ಅಕ್ಷರಗಳು. ಮೂವರೂ ಒಬ್ಬನೇ ಎಂದು ರುಜುವಾತು ಮಾಡುವವರೆಗೆ ನೇಮಕದ ಆದೇಶ ಬರಲಿಲ್ಲ. ನೋಟರಿಯ ಬಳಿ ಪ್ರಮಾಣ ಮಾಡಿದ, ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟ, ಕಚೇರಿಯ ಮೆಟ್ಟಿಲನ್ನು ತಿಂಗಳುಗಟ್ಟಲೆ ಸವೆಸಿದ. ಅರಬ್ಬೀ ಲಿಪಿಯಲ್ಲಿ ಬರೆದಿದ್ದರೆ ಮೂರೂ ಕಡೆ ಅವೇ ನಾಲ್ಕು ಅಕ್ಷರಗಳು! ‘ಸಾರ್, ನಮ್ಮಜ್ಜಿ ನನ್ನನ್ನು ನಾಲ್ಕನೆಯ ಥರ ಕರೆಯುತ್ತಾರೆ, ಅದನ್ನು ಯಾರಿಗೂ ಹೇಳಿಲ್ಲ’ ಎಂದು ಅವನು ನಕ್ಕ. ಆ ನಗುವಿನಲ್ಲಿ ದಣಿವಿತ್ತು.

ಈಗ ಹೆಸರುಗಳನ್ನು ತಾಳೆ ನೋಡುವ ಕೆಲಸವನ್ನು ಬಹುಮಟ್ಟಿಗೆ ಗಣಕಯಂತ್ರಗಳು ಮಾಡುತ್ತವೆ. ಯಂತ್ರ ಅನುಸರಿಸುವ ಲೆಕ್ಕದ ವಿಧಾನಕ್ಕೆ ಅಲ್ಗಾರಿದಮ್ ಎಂದು ಹೆಸರು. ೯ನೆಯ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ ಗಣಿತಜ್ಞ ಅಲ್ ಖ್ವಾರಿಜ್ಮಿಯ ಹೆಸರನ್ನು ಲ್ಯಾಟಿನ್ ಲೇಖಕರು ತಮಗೆ ಕೇಳಿದಂತೆ ಬರೆದುಕೊಂಡದ್ದರ ಫಲವೇ ಈ ಪದ. ಅಂದರೆ, ಅರಬ್ಬೀ ಹೆಸರಿನ ಒಂದು ಅಕ್ಷರ ಹೆಚ್ಚುಕಡಿಮೆಯಾಯಿತೆಂದು ಮನುಷ್ಯನನ್ನು ಬಾಗಿಲಲ್ಲಿ ತಡೆಯುವ ವಿಧಾನದ ಹೆಸರೇ ಒಂದು ಅರಬ್ಬೀ ಹೆಸರಿನ ತದ್ಭವ!

ಹಾಗಾದರೆ ಮಾಡಬೇಕಾದದ್ದೇನು? ಎಲ್ಲರೂ ಒಂದೇ ರೂಪವನ್ನು ಬರೆಯಿರಿ ಎಂದು ಆಜ್ಞೆ ಹೊರಡಿಸುವುದು ಪರಿಹಾರವಲ್ಲ. ಅದು ಬಣ್ಣವನ್ನು ಅಳಿಸಿ ವರ್ಣವೆಂದೇ ಹೇಳಿ ಎಂದಂತೆ. ಗ್ರಂಥಾಲಯಗಳು ಬಹುಕಾಲದಿಂದ ಇನ್ನೊಂದು ದಾರಿಯನ್ನು ತೋರಿಸಿವೆ. ೨೦೧೧ರಲ್ಲಿ ಹತನಾದ ಲಿಬಿಯದ ನಾಯಕನ ಹೆಸರು ಗದ್ದಾಫಿ, ಕದ್ದಾಫಿ, ಕಧಾಫಿ ಎಂದು ರೋಮನ್ ಲಿಪಿಯಲ್ಲಿ ಹತ್ತಾರು ಬಗೆಯಾಗಿ ಅಚ್ಚಾಗಿದೆ. ಸೂಚಿಯನ್ನು ಸಿದ್ಧಪಡಿಸುವವರು ಅದರಲ್ಲಿ ಒಂದನ್ನು ಶೀರ್ಷಿಕೆಯಾಗಿ ಇಟ್ಟುಕೊಂಡು, ಉಳಿದ ಒಂದೊಂದರಿಂದಲೂ ‘ಇದನ್ನು ನೋಡಿ’ ಎಂದು ದಾರಿ ತೋರಿಸುತ್ತಾರೆ. ಯಾವ ರೂಪವನ್ನೂ ತಪ್ಪೆಂದು ಹೊಡೆದುಹಾಕುವುದಿಲ್ಲ. ಓದುಗ ಯಾವ ಬಾಗಿಲಿನಿಂದ ಬಂದರೂ ಅದೇ ಮನುಷ್ಯನನ್ನು ತಲುಪುತ್ತಾನೆ. ಪುಸ್ತಕ ಹುಡುಕುವವನಿಗೆ ತೋರಿಸುವ ಈ ಸೌಜನ್ಯವನ್ನು ಕೆಲಸ ಹುಡುಕುವವನಿಗೂ ತೋರಿಸಬಹುದು.

ಕನ್ನಡದಲ್ಲಿ ಬರೆಯುವ ನಮಗೂ ಒಂದು ಹೊಣೆಯಿದೆ. ಇತಿಹಾಸವನ್ನು ಬರೆಯುವಾಗ ಮೂಲರೂಪಕ್ಕೆ ಹತ್ತಿರವಾದುದನ್ನು ಬಳಸೋಣ. ಆದರೆ ಎದುರಿಗಿರುವ ಮನುಷ್ಯನ ವಿಷಯದಲ್ಲಿ ನಿಘಂಟನ್ನು ತೆರೆಯಬೇಕಾಗಿಲ್ಲ. ಮಾಬುಸಾಬನನ್ನು ತಿದ್ದಿ ಮಹಬೂಬ್ ಮಾಡುವುದು ಪಾಂಡಿತ್ಯವಲ್ಲ. ಅವನ ತಾಯಿ ಕರೆದ ಹೆಸರನ್ನು ಕಸಿದುಕೊಂಡಂತೆ. ನಿಮ್ಮ ಹೆಸರನ್ನು ಹೇಗೆ ಬರೆಯಬೇಕು ಎಂದು ಅವನನ್ನೇ ಕೇಳಬೇಕು. ಕೇಳಿ, ಅವನು ಹೇಳಿದಂತೆ ಬರೆದು, ಒಮ್ಮೆ ಅವನಿಗೆ ಓದಿ ಹೇಳಬೇಕು. ಅದಕ್ಕೆ ಅರ್ಧ ನಿಮಿಷವೂ ಹಿಡಿಯುವುದಿಲ್ಲ.