ಕೈಯೇ ಮಾತಾದವರು



‘ಕಿವುಡನ ಮುಂದೆ ಶಂಖ ಊದಿದಂತೆ’ ಎಂಬ ಗಾದೆಯನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಬಳಸಿದ್ದೇನೆ, ವಿದ್ಯಾರ್ಥಿಗಳು ನಕ್ಕಿದ್ದಾರೆ. ಹಿರಿಯರ ಮಾತನ್ನು ‘ಕೇಳುವುದು’ ಎಂದರೆ ನಮ್ಮ ನುಡಿಯಲ್ಲಿ ಅದರಂತೆ ನಡೆಯುವುದು ಎಂದೇ ಅರ್ಥ. ಕೇಳಿಸದವನು ತಿಳಿಯದವನು ಎಂಬ ಭಾವನೆ ಭಾಷೆಯೊಳಗೇ ಹೇಗೋ ಸೇರಿಕೊಂಡಿದೆ. ನನ್ನಲ್ಲಿ ಬೇರೂರಿದ್ದ ಆ ಭಾವನೆಯನ್ನು ಅಲುಗಿಸಿದ್ದು ಯಾವ ಕಾವ್ಯವೂ ಅಲ್ಲ, ಕಿವುಡ ಹೆಣ್ಣುಮಕ್ಕಳ ಬ್ಯಾಸ್ಕೆಟ್‌ಬಾಲ್ ತಂಡವೊಂದರ ಕಥೆ.

ಅಮೆರಿಕದ ವಾಷಿಂಗ್ಟನ್ ನಗರದಲ್ಲಿ ಕಿವುಡರ ಉನ್ನತ ಶಿಕ್ಷಣಕ್ಕೆಂದೇ ಗ್ಯಾಲಡೆಟ್ ಎಂಬ ವಿಶ್ವವಿದ್ಯಾನಿಲಯವಿದೆ. ಲಿಂಕನ್ ಸಹಿ ಮಾಡಿದ ಶಾಸನದಿಂದ 1864ರಲ್ಲಿ ಪದವಿ ನೀಡುವ ಅಧಿಕಾರ ಪಡೆದ ಸಂಸ್ಥೆ ಅದು. ಹೆಣ್ಣುಮಕ್ಕಳಿಗೆ ಅದು ಬಾಗಿಲು ತೆರೆದದ್ದು 1887ರಲ್ಲಿ, ಅದೂ ಪ್ರಯೋಗಾರ್ಥವಾಗಿ. ಕಿವುಡರೊಬ್ಬರು ಮೊದಲ ಬಾರಿಗೆ ಅದರ ಅಧ್ಯಕ್ಷರಾದದ್ದು 1988ರಲ್ಲಿ, ವಿದ್ಯಾರ್ಥಿಗಳು ಚಳವಳಿ ಹೂಡಿದ ಮೇಲೆ. ಇಂಥ ಕಡೆ ಛಲವೆಂಬುದು ಒಬ್ಬಿಬ್ಬರ ಗುಣವಲ್ಲ, ತಲೆಮಾರುಗಳ ಅಭ್ಯಾಸ. ಇಲ್ಲಿಯ ಮಹಿಳಾ ತಂಡ 1999ರಲ್ಲಿ, ಕಿವಿ ಕೇಳುವವರ ಕಾಲೇಜುಗಳನ್ನು ಎದುರಿಸಿ, ರಾಷ್ಟ್ರೀಯ ಕಾಲೇಜು ಪಂದ್ಯಾವಳಿಯ ಮೂರನೆಯ ವಿಭಾಗದಲ್ಲಿ ಕೊನೆಯ 16 ತಂಡಗಳಲ್ಲಿ ಒಂದಾಯಿತು. ಈ ತಂಡದ ಒಂದು ಋತುವಿನ ಆಟವನ್ನು ಕುರಿತು ವೇನ್ ಕಾಫಿ ಎಂಬ ಕ್ರೀಡಾ ಬರಹಗಾರರು 2002ರಲ್ಲಿ ಪುಸ್ತಕವೊಂದನ್ನು ಪ್ರಕಟಿಸಿದರು.

ಬ್ಯಾಸ್ಕೆಟ್‌ಬಾಲ್ ಐವರ ಆಟ, ಕೂಗಾಟದ ಆಟ. ಎದುರಾಳಿ ಬೆನ್ನ ಹಿಂದೆ ಬಂದು ಅಡ್ಡ ನಿಂತರೆ ಜೊತೆಗಾತಿ ಕೂಗಿ ಎಚ್ಚರಿಸುತ್ತಾಳೆ. ತೀರ್ಪುಗಾರರ ಸೀಟಿ ಆಟವನ್ನು ನಿಲ್ಲಿಸುತ್ತದೆ. ಈ ಹುಡುಗಿಯರಿಗೆ ಕೂಗೂ ಇಲ್ಲ, ಸೀಟಿಯೂ ಇಲ್ಲ. ಸುತ್ತಲಿನವರು ನಿಂತಾಗಲೇ ಆಟ ನಿಂತಿತೆಂದು ತಿಳಿಯಬೇಕು. ಅವರ ಮಾತು ಕೈಯ ಮಾತು. ಆದರೆ ಚೆಂಡನ್ನು ಹಿಡಿಯಬೇಕಾದದ್ದೂ ಅದೇ ಕೈ! ಚೆಂಡು ಕೈಗೆ ಬಂದೊಡನೆ ಮಾತು ಕೈಬಿಡುತ್ತದೆ. ಆಗ ಉಳಿಯುವುದು ನೋಟ, ಮತ್ತು ದಿನದಿನದ ಅಭ್ಯಾಸದಿಂದ ಮೈಗೂಡಿದ ಪರಸ್ಪರ ಪರಿಚಯ. ಗೆಳತಿಗೆ ಅಪಾಯ ಕಂಡರೆ ಕೂಗುವಂತಿಲ್ಲ. ತಾನೇ ಓಡಿಹೋಗಿ ಆ ಎಡೆಯಲ್ಲಿ ನಿಲ್ಲಬೇಕು. ಸಹಕಾರವೆಂಬ ಮಾತಿಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾನು ಕಂಡಿಲ್ಲ.

ಕಿವುಡರದೇ ಆದ ಜಾಗತಿಕ ಕ್ರೀಡಾಕೂಟ 1924ರಲ್ಲಿ ಪ್ಯಾರಿಸ್‌ನಲ್ಲಿ ಆರಂಭವಾಯಿತು. ಇಂದು ಡೆಫ್ಲಿಂಪಿಕ್ಸ್ ಎಂದು ಹೆಸರಾದ ಆ ಕೂಟದಲ್ಲಿ ಶ್ರವಣಯಂತ್ರ ಧರಿಸಿ ಆಡುವಂತಿಲ್ಲ. ಎಲ್ಲರೂ ಒಂದೇ ಮೌನದಲ್ಲಿ ನಿಂತು ಸೆಣಸಬೇಕು.

ಇದನ್ನೆಲ್ಲ ಓದುವಾಗ ನನಗೆ ಹಳೆಯ ವಿದ್ಯಾರ್ಥಿನಿಯೊಬ್ಬಳ ನೆನಪಾಯಿತು. ಮೊದಲ ಸಾಲಿನಲ್ಲಿ ಕುಳಿತು, ಕಣ್ಣು ಕದಲಿಸದೆ ನನ್ನ ಮುಖವನ್ನೇ ನೋಡುತ್ತಿದ್ದಳು. ಅದು ನನ್ನ ಪಾಂಡಿತ್ಯಕ್ಕೆ ಸಂದ ಗೌರವವೆಂದು ಭ್ರಮಿಸಿದ್ದೆ. ಅವಳಿಗೆ ಕಿವಿ ಕೇಳದು, ತುಟಿಯ ಚಲನೆಯನ್ನು ಓದುತ್ತಿದ್ದಾಳೆ ಎಂದು ತಿಳಿದದ್ದು ವರ್ಷದ ಕೊನೆಗೆ. ಅಷ್ಟರಲ್ಲಿ ಎಷ್ಟು ಹಳಗನ್ನಡ ಪದ್ಯಗಳನ್ನು ಕರಿಹಲಗೆಯತ್ತ ತಿರುಗಿ ವಿವರಿಸಿದ್ದೆನೊ! ನಾನು ಬೆನ್ನು ತಿರುಗಿಸಿದಾಗಲೆಲ್ಲ ಅವಳ ಪಾಲಿಗೆ ಪಾಠ ನಿಂತುಹೋಗುತ್ತಿತ್ತು. ಆ ಗಾದೆಯನ್ನೂ ಅವಳೆದುರು ಹೇಳಿರಬೇಕು. ಛಲವನ್ನು ಅವಳು ತೋರಿದ್ದಳು; ಸಹಕಾರ ನನ್ನಿಂದ ಬರಲಿಲ್ಲ.

ಬಾನುಲಿಯಲ್ಲಿ ಆಡುವ ಈ ಮಾತು ಅವಳನ್ನು ಮುಟ್ಟದು. ಕೇಳುತ್ತಿರುವ ನೀವಾದರೂ, ಅಂಥವರು ಎದುರಾದಾಗ ದನಿ ಏರಿಸದೆ, ಮುಖ ತಿರುಗಿಸದೆ, ಎದುರು ನಿಂತು ಮಾತಾಡಿರಿ.